ಹೊಳೆಯ ಲೆಕ್ಕ, ಹಳ್ಳದ ಲೆಕ್ಕ: ಗುರುಗುಂಟಾ ಸೀಮೆಯ ಮಳೆಗಾಲದ ನಿಗಾ ಕುರಿತು ಒಂದು ಟಿಪ್ಪಣಿ

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಸೀಮೆಯಲ್ಲಿ ಮಳೆಗಾಲದ ದಾರಿಯನ್ನು ಎರಡು ಬಗೆಯ ನೀರು ಕಡಿಯುತ್ತದೆ. ಒಂದು ಹೊಳೆಯ ನೀರು, ಇನ್ನೊಂದು ಹಳ್ಳದ್ದು. ವರದಿಗಳಲ್ಲಿ ಎರಡಕ್ಕೂ ‘ಪ್ರವಾಹ’ ಎಂಬ ಒಂದೇ ಹೆಸರು. ಆದರೆ ಮುನ್ಸೂಚನೆಯ ಮಟ್ಟಿಗೆ ಇವೆರಡೂ ತೀರ ಬೇರೆ. ನೆರೆಯೂರಿನವರ ಕಣ್ಗಾವಲಿನ ಬೆಲೆ ತಿಳಿಯಬೇಕಾದರೆ ಮೊದಲು ಈ ವ್ಯತ್ಯಾಸವನ್ನು ನೋಡಬೇಕು.

ಇಲ್ಲಿ ಹೊಳೆಯೆಂದರೆ ಕೃಷ್ಣೆ. ಅದರ ನೀರಿಗೆ ಲೆಕ್ಕ ಇಡುವವರಿದ್ದಾರೆ. ಮೇಲೆ ಆಲಮಟ್ಟಿ ಜಲಾಶಯ, ಅದರ ಕೆಳಗೆ ನಾರಾಯಣಪುರದ ಬಸವಸಾಗರ ಜಲಾಶಯ. ಬಸವಸಾಗರದ ಗರಿಷ್ಠ ಮಟ್ಟ 492.25 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 33 ಟಿಎಂಸಿ ಅಡಿ. ಗೇಟು ಎತ್ತುವ ಸುದ್ದಿ ತಾಲ್ಲೂಕು ಆಡಳಿತಕ್ಕೆ ಮುಟ್ಟುತ್ತದೆ, ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ. ಶೀಲಹಳ್ಳಿ ಸೇತುವೆ ಮುಳುಗಿದರೆ ಜಲದುರ್ಗದ ಕಡೆಯ ಊರುಗಳಿಗೆ ನೇರ ದಾರಿ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿದ್ದಾಗ, ಆ ನೀರನ್ನು ತಂದ ಮಳೆ ಸುರಿದದ್ದು ದೂರದ ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ. ಅಷ್ಟು ದೂರದಿಂದ ಇಳಿದು ಬರುವ ನೀರು ಎಚ್ಚರಿಕೆಗೆ ಸಮಯ ಕೊಡುತ್ತದೆ.

ಹಳ್ಳ ಆ ಸಮಯ ಕೊಡುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ರಾಯಚೂರು, ಕೊಪ್ಪಳ, ಬಾಗಲಕೋಟೆ, ವಿಜಾಪುರ, ಗದಗ ಜಿಲ್ಲೆಗಳ ಮೇಲೆಯೇ ಮಳೆ ಹೊಯ್ದಿತು. ಅದು ಹಸ್ತ ಮಳೆಯ ಕಾಲ. ಪುಬ್ಬ, ಉತ್ತರಿಯಲ್ಲಿ ಮಳೆ ಚೆನ್ನಾಗಿ ಆಗಿದ್ದರೆ ಹಸ್ತದ ಹೊತ್ತಿಗೆ ಎರೆ ಭೂಮಿ ನೀರುಂಡು ತುಂಬಿರುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಮೊದಲ ಮಳೆಗಳನ್ನು ಬಿರುಕಿನೊಳಗೇ ಇಳಿಸಿಕೊಳ್ಳುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಿದ್ದ ನೀರಿನ ಬಹುಪಾಲು ಹೊಲದ ಮೇಲೆಯೇ ಹರಿದು ಹಳ್ಳ ಸೇರುತ್ತದೆ. ಆದ್ದರಿಂದ ಜೂನ್‌ನ 50 ಮಿಲಿಮೀಟರ್ ಮಳೆ, ಅಕ್ಟೋಬರ್‌ನ 50 ಮಿಲಿಮೀಟರ್ ಮಳೆ ಹಳ್ಳದ ಪಾಲಿಗೆ ಒಂದೇ ಅಲ್ಲ. ಮಳೆಯ ಅಂಕಿಯೊಂದನ್ನೇ ನಂಬುವುದರ ಮುಖ್ಯ ಕೊರತೆ ಇದೇ ಎಂದು ನಾನು ತಿಳಿಯುತ್ತೇನೆ.

ಅಂಕಿ ಬೇಡವೆಂದಲ್ಲ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಬರುವ ಇಂಥ ವ್ಯವಸ್ಥೆ ದೊಡ್ಡ ಸಾಧನೆ. ಆದರೆ ಮಾಪಕ ಹೇಳುವುದು ತಾನು ನಿಂತ ಜಾಗದಲ್ಲಿ ಎಷ್ಟು ಮಳೆ ಬಿತ್ತೆಂಬುದನ್ನು. ಸೇತುವೆಯ ಮೇಲೆ ನೀರು ಎಷ್ಟು ಏರಿದೆ ಎಂಬುದು ಅದಕ್ಕೆ ಕಾಣದು. ಅದನ್ನು ಬಲ್ಲವರು ಹಳ್ಳದ ಮೇಲ್ದಂಡೆಯ ಊರಿನವರು. ಹೊಲದಿಂದ ಮರಳುವ ಮುನ್ನ ಅಲ್ಲಿಯ ಬೀಗರಿಗೋ ಗೆಳೆಯರಿಗೋ ಫೋನ್ ಮಾಡಿ “ಹಳ್ಳ ಬಂದೈತೇನ್ರಿ?” ಎಂದು ಕೇಳಿದರೆ ಸಿಗುವ ಉತ್ತರವನ್ನು ಯಾವ ಮಾಪಕವೂ ಕೊಡಲಾರದು. ರಭಸವಾಗಿ ಹರಿಯುವ ನೀರು ಮೊಣಕಾಲುದ್ದ ಇದ್ದರೂ ಆಳನ್ನು ಕೆಡವಬಲ್ಲದು.

ಊರಿನವರೇ ಮಳೆಯ ಲೆಕ್ಕ ಇಟ್ಟ ಉದಾಹರಣೆಯೂ ಇದೆ. ಅಮೆರಿಕದ ಕೊಲರಾಡೊದಲ್ಲಿ 1997ರ ಜುಲೈ 28ರಂದು ಫೋರ್ಟ್ ಕಾಲಿನ್ಸ್ ಪಟ್ಟಣದಲ್ಲಿ ದಿಢೀರ್ ಪ್ರವಾಹಕ್ಕೆ ಐವರು ಬಲಿಯಾದರು. ಒಂದೇ ಪಟ್ಟಣದ ಪಶ್ಚಿಮಕ್ಕೂ ಪೂರ್ವಕ್ಕೂ ಮಳೆಯಲ್ಲಿ ಅಪಾರ ಅಂತರವಿತ್ತು. ಮರುವರ್ಷ ಮನೆಮನೆಯವರು ಮಾಪಕ ಇಟ್ಟು ಮಳೆ ಅಳೆಯುವ ಬಳಗವೊಂದು ಅಲ್ಲಿ ಹುಟ್ಟಿತು. ನಮ್ಮಲ್ಲಿ ಅದೇ ಕೆಲಸವನ್ನು ಹಳ್ಳದ ಮಟ್ಟಕ್ಕೂ ಚಾಚಬೇಕು.

ಹಳ್ಳದಂತೆ ಕೆರೆಗೂ ಊರಿನವರ ಕಣ್ಣು ಬೇಕು, ಆದರೆ ಕೆರೆಯ ಮಾತು ಇನ್ನಷ್ಟು ಸೂಕ್ಷ್ಮ. ಕೋಡಿ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ, ಏರಿಯ ಹಿಂಬದಿಯ ಜಿನುಗು ಕಾಣುವುದಿಲ್ಲ. ಜಿನುಗುವ ನೀರು ತಿಳಿಯಾಗಿದ್ದರೆ ದಿನವೂ ನೋಡುತ್ತಿದ್ದರೆ ಸಾಕು. ಕೆಂಪಗೋ ಕಪ್ಪಗೋ ಕದಡಿ ಬಂದರೆ ಏರಿಯೊಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ. ಆಗ ಕೆಳಗಿನ ಮನೆಗಳನ್ನು ತೆರವು ಮಾಡಿಸಬೇಕು, ಬೆಳಗಾಗಲೆಂದು ಕಾಯಬಾರದು. ವಿಜಯನಗರ ಕಾಲದ, 1369ರ ಪೋರುಮಾಮಿಳ್ಳ ಕೆರೆಯ ಶಾಸನ ಕೆರೆಯ ದೋಷಗಳನ್ನು ಎಣಿಸುವಾಗ ಏರಿಯಿಂದ ನೀರು ಒಸರುವುದನ್ನೂ ಸೇರಿಸುತ್ತದೆ. ಕಡಪ ಸೀಮೆಯ ಆ ಅನುಭವ ನಮ್ಮ ಮಸಾರಿ ನೆಲದ ಕೆರೆಗಳಿಗೂ ಒಪ್ಪುತ್ತದೆ.

ಹಳ್ಳದ ನಿಗಾಕ್ಕೆ ಬೇಕಾದದ್ದು ಹೆಚ್ಚಿನ ಖರ್ಚಿನದಲ್ಲ. ಪ್ರತಿ ಸೇತುವೆಯ ಕಂಬಕ್ಕೆ ಬಣ್ಣದಲ್ಲಿ ಅಡಿ ಗೆರೆ ಎಳೆಯಬೇಕು. ಮಳೆ ಹಿಡಿದಾಗ ಯಾವ ಗೆರೆಗೆ ನೀರು ಎಷ್ಟು ಗಂಟೆಗೆ ಮುಟ್ಟಿತು ಎಂದು ಮೇಲಿನ ಊರಿನವರು ಒಂದು ವಹಿಯಲ್ಲಿ ಬರೆಯಬೇಕು, ಕೆಳಗಿನ ಊರಿನವರೂ ಬರೆಯಬೇಕು. ಎರಡು ವಹಿಗಳನ್ನು ಪಕ್ಕಪಕ್ಕ ಇಟ್ಟರೆ ನೀರು ಒಂದೂರಿಂದ ಇನ್ನೊಂದೂರಿಗೆ ಬರಲು ಹಿಡಿಯುವ ಹೊತ್ತು ಸಿಗುತ್ತದೆ. ಹೊತ್ತು ಬರೆಯದೆ ‘ಬಹಳ ಬಂದಿತ್ತು’ ಎಂದಷ್ಟೇ ಬರೆದ ವಹಿಯಿಂದ ಇದು ಸಿಗದು. ಕೆಲವು ಹಸ್ತ ಮಳೆಗಳ ದಾಖಲೆ ಕೂಡಿದ ಮೇಲೆ, ಶಾಲೆ ಬಿಡುವ ಹೊತ್ತಿಗೆ ಮಕ್ಕಳನ್ನು ಹಳ್ಳ ದಾಟಿಸಬೇಕೋ ಶಾಲೆಯಲ್ಲೇ ಉಳಿಸಿಕೊಳ್ಳಬೇಕೋ ಎಂಬುದನ್ನು ಮೇಷ್ಟ್ರು ಆ ಅಂಕಿ ನೋಡಿ ನಿರ್ಧರಿಸಬಹುದು.