ಷಟಲ್ಸ್‌ವರ್ತ್, ಫ್ರೆಡ್ ಲೀ

1922-2011. ಅಮೆರಿಕದ ಬ್ಯಾಪ್ಟಿಸ್ಟ್ ಧರ್ಮೋಪದೇಶಕ, ನಾಗರಿಕ ಹಕ್ಕುಗಳ ಚಳವಳಿಯ ಮುಂದಾಳು. ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವರ್ಣಭೇದದ ವಿರುದ್ಧ ಜನರನ್ನು ಸಂಘಟಿಸಿದವ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ನಗರದಲ್ಲಿ ನಡೆಸಿದ ಅಹಿಂಸಾತ್ಮಕ ಹೋರಾಟಕ್ಕೆ ನೆಲ ಹದಮಾಡಿದ್ದು ಈತನ ಅಲ್ಲಿಯವರೆಗಿನ ಏಳು ವರ್ಷಗಳ ದುಡಿಮೆ.

ಬಾಲ್ಯ ಮತ್ತು ಧರ್ಮಸೇವೆ

1922 ಮಾರ್ಚ್ 18ರಂದು ಅಲಬಾಮದ ಮೌಂಟ್ ಮೀಗ್ಸ್‌ನಲ್ಲಿ ಜನನ. ಹುಟ್ಟುಹೆಸರು ಫ್ರೆಡ್ಡಿ ಲೀ ರಾಬಿನ್ಸನ್. ಷಟಲ್ಸ್‌ವರ್ತ್ ಎಂಬುದು ಮಲತಂದೆಯ ಮನೆತನದ ಹೆಸರು. ಒಂಬತ್ತು ಮಕ್ಕಳಲ್ಲಿ ಈತನೇ ಹಿರಿಯ. ಬರ್ಮಿಂಗ್‌ಹ್ಯಾಮ್ ಬಳಿಯ ಆಕ್ಸ್‌ಮೂರ್‌ನಲ್ಲಿ ಬಡತನದಲ್ಲಿ ಬೆಳೆದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೊಬೀಲ್ ನಗರದ ವಾಯುನೆಲೆಯಲ್ಲಿ ಟ್ರಕ್ ಚಾಲಕನಾಗಿದ್ದಾಗ ಮೆಥಡಿಸ್ಟ್ ಪಂಥವನ್ನು ಬಿಟ್ಟು ಬ್ಯಾಪ್ಟಿಸ್ಟ್ ಪಂಥಕ್ಕೆ ಸೇರಿದ. ಮುಂದೆ ಸೆಲ್ಮಾ ವಿಶ್ವವಿದ್ಯಾಲಯದಲ್ಲೂ ಅಲಬಾಮ ಸ್ಟೇಟ್ ಕಾಲೇಜಿನಲ್ಲೂ ಓದಿದ. ಸೆಲ್ಮಾದ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಾದ್ರಿಯಾಗಿದ್ದು, 1953ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚಿಗೆ ಬಂದ.

ಕಬ್ಬಿಣ ಮತ್ತು ಉಕ್ಕಿನ ಉದ್ಯಮದಿಂದ ಬೆಳೆದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಗ ಶಾಲೆ, ಬಸ್ಸು, ಉದ್ಯಾನ, ಹೋಟೆಲು ಎಲ್ಲೆಡೆ ಕರಿಯರನ್ನು ಬೇರೆಯಿಡುವ ಕಾನೂನುಗಳಿದ್ದವು. ಕರಿಯರೂ ಬಿಳಿಯರೂ ಜೊತೆಗೆ ಕುಳಿತು ಪಗಡೆಯಂಥ ಮನೆಯೊಳಗಿನ ಆಟ ಆಡುವುದು ಕೂಡ ಅಪರಾಧವಾಗಿತ್ತು. ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡ ಕರಿಯರ ಮೇಲೆ ಬಾಂಬು ಎಸೆಯುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅಂಥ ಒಂದು ಪ್ರದೇಶಕ್ಕೆ ‘ಡೈನಮೈಟ್ ಗುಡ್ಡ’ ಎಂದೇ ಹೆಸರು ಬಿದ್ದಿತ್ತು.

ಸಂಘಟನೆ ಮತ್ತು ದಾಳಿಗಳು

ಕರಿಯರ ಹಕ್ಕುಗಳಿಗಾಗಿ ದೇಶದಾದ್ಯಂತ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಚಟುವಟಿಕೆಯನ್ನು 1956 ಜೂನ್ 1ರಂದು ಅಲಬಾಮದ ನ್ಯಾಯಾಲಯವೊಂದು ನಿಷೇಧಿಸಿತು. ನಾಲ್ಕೇ ದಿನಗಳಲ್ಲಿ, ಜೂನ್ 5ರಂದು, ಷಟಲ್ಸ್‌ವರ್ತ್ ಜನರನ್ನು ಸೇರಿಸಿ ‘ಅಲಬಾಮ ಕ್ರಿಶ್ಚಿಯನ್ ಮೂವ್‌ಮೆಂಟ್ ಫಾರ್ ಹ್ಯೂಮನ್ ರೈಟ್ಸ್’ ಎಂಬ ಹೊಸ ಸಂಘಟನೆಯನ್ನು ಕಟ್ಟಿದ. ಸೋಮವಾರ ಸಂಜೆಗಳಲ್ಲಿ ಚರ್ಚುಗಳಲ್ಲಿ ಸೇರುತ್ತಿದ್ದ ಇದರ ಸಭೆಗಳಲ್ಲಿ ಪ್ರಾರ್ಥನೆ, ಹಾಡು, ಹಣ ಸಂಗ್ರಹ, ಮುಂದಿನ ಹೋರಾಟದ ತೀರ್ಮಾನ ಎಲ್ಲವೂ ಒಟ್ಟಿಗೆ ನಡೆಯುತ್ತಿದ್ದವು. 1969ರವರೆಗೆ ಈತನೇ ಅಧ್ಯಕ್ಷನಾಗಿದ್ದ.

ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಮಾಂಟ್‌ಗೊಮರಿಯ ಕರಿಯರು ನಡೆಸಿದ ಬಸ್ ಬಹಿಷ್ಕಾರ ಗೆದ್ದ ಮೇಲೆ, ಬರ್ಮಿಂಗ್‌ಹ್ಯಾಮ್‌ನ ಬಸ್ಸುಗಳಲ್ಲಿಯೂ 1956 ಡಿಸೆಂಬರ್ 26ರಂದು ಬಿಳಿಯರಿಗೆ ಮೀಸಲಾದ ಮುಂದಿನ ಸೀಟುಗಳಲ್ಲಿ ಕೂರುತ್ತೇವೆಂದು ಘೋಷಿಸಿದ. ಹಿಂದಿನ ರಾತ್ರಿ, ಕ್ರಿಸ್‌ಮಸ್ ದಿನವೇ, ಈತನ ಮನೆಯ ಕೆಳಗೆ ಬಾಂಬು ಸ್ಫೋಟಿಸಿತು. ಮಲಗಿದ್ದ ಕೋಣೆ ಕುಸಿದರೂ ಈತ ಬದುಕುಳಿದ. ಊರು ಬಿಟ್ಟು ಹೋಗುವುದೇ ಲೇಸೆಂದು ಸ್ಥಳಕ್ಕೆ ಬಂದಿದ್ದ ಪೊಲೀಸನೊಬ್ಬ ಹೇಳಿದಾಗ, ತಾನು ಓಡಿಹೋಗುವವನಲ್ಲವೆಂದು ಉತ್ತರಿಸಿದ. ಮರುದಿನ ಘೋಷಿಸಿದಂತೆಯೇ ಬಸ್ಸು ಹತ್ತಿದ. ಇಪ್ಪತ್ತಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು.

1957ರ ಸೆಪ್ಟೆಂಬರಿನಲ್ಲಿ ಬಿಳಿಯರಿಗೇ ಮೀಸಲಾಗಿದ್ದ ಫಿಲಿಪ್ಸ್ ಹೈಸ್ಕೂಲಿಗೆ ತನ್ನ ಹೆಣ್ಣುಮಕ್ಕಳನ್ನು ಸೇರಿಸಲು ಹೋದಾಗ ಗುಂಪೊಂದು ಸರಪಳಿಗಳಿಂದ ಥಳಿಸಿತು. ಹೆಂಡತಿ ರೂಬಿಗೆ ಚೂರಿ ಇರಿತವಾಯಿತು. ತಲೆಗೆ ಅಷ್ಟು ಪೆಟ್ಟು ಬಿದ್ದರೂ ಹೆಚ್ಚಿನ ಅಪಾಯವಾಗದ್ದಕ್ಕೆ ವೈದ್ಯ ಬೆರಗಾದಾಗ, ಗಟ್ಟಿ ಊರಿನಲ್ಲಿ ಬಾಳಬೇಕಾದವನಿಗೆ ದೇವರು ಗಟ್ಟಿ ತಲೆಯನ್ನೇ ಕೊಟ್ಟಿದ್ದಾನೆಂದು ನಕ್ಕನಂತೆ. 1958ರ ಜೂನ್‌ನಲ್ಲಿ ಬೆತೆಲ್ ಚರ್ಚಿನ ಪಕ್ಕದಲ್ಲಿ ಇಟ್ಟಿದ್ದ ಬಾಂಬನ್ನು ಕಾವಲಿಗಿದ್ದವರು ಬೀದಿಗೆ ಸಾಗಿಸಿ ಜೀವಹಾನಿ ತಪ್ಪಿಸಿದರು. ಈ ಕೃತ್ಯಕ್ಕಾಗಿ ಜೆ. ಬಿ. ಸ್ಟೋನರ್ ಎಂಬ ವರ್ಣದ್ವೇಷಿ ತಪ್ಪಿತಸ್ಥನೆಂದು ತೀರ್ಪಾದದ್ದು 1980ರಲ್ಲಿ.

ಕಿಂಗ್, ರಾಲ್ಫ್ ಅಬರ್ನಥಿ ಮೊದಲಾದವರೊಂದಿಗೆ ಸೇರಿ 1957ರಲ್ಲಿ ‘ಸದರನ್ ಕ್ರಿಶ್ಚಿಯನ್ ಲೀಡರ್‌ಷಿಪ್ ಕಾನ್ಫರೆನ್ಸ್’ ಎಂಬ ನಾಗರಿಕ ಹಕ್ಕುಗಳ ಸಂಘಟನೆಯನ್ನು ಸ್ಥಾಪಿಸಿದವರಲ್ಲಿ ಈತನೂ ಒಬ್ಬ. 1961ರ ಮೇ ತಿಂಗಳಲ್ಲಿ ಅಂತರರಾಜ್ಯ ಬಸ್ಸುಗಳಲ್ಲಿನ ವರ್ಣಭೇದವನ್ನು ಪ್ರಶ್ನಿಸಿ ಹೊರಟಿದ್ದ ಫ್ರೀಡಂ ರೈಡ್ಸ್ ಯಾತ್ರಿಕರ ಬಸ್ಸಿಗೆ ಆನಿಸ್ಟನ್ ಬಳಿ ಬೆಂಕಿ ಹಚ್ಚಿದಾಗ, ಕಾರುಗಳನ್ನು ಕಳುಹಿಸಿ ಅವರನ್ನು ಬರ್ಮಿಂಗ್‌ಹ್ಯಾಮ್‌ಗೆ ಕರೆಸಿಕೊಂಡ. ಅದೇ ವರ್ಷ ಒಹಾಯೊ ರಾಜ್ಯದ ಸಿನ್ಸಿನಾಟಿಯ ಚರ್ಚೊಂದಕ್ಕೆ ಪಾದ್ರಿಯಾಗಿ ಹೋದರೂ ಅಲಬಾಮದ ಹೋರಾಟವನ್ನು ಬಿಡಲಿಲ್ಲ.

1963ರ ಬರ್ಮಿಂಗ್‌ಹ್ಯಾಮ್ ಚಳವಳಿ

ಉದ್ಯಾನಗಳನ್ನು ಎಲ್ಲರಿಗೂ ತೆರೆಯಬೇಕೆಂದು ಷಟಲ್ಸ್‌ವರ್ತ್ ಹೂಡಿದ ದಾವೆಯಲ್ಲಿ ನ್ಯಾಯಾಲಯ ಆದೇಶ ಕೊಟ್ಟಾಗ, ನಗರಾಡಳಿತ ಉದ್ಯಾನಗಳನ್ನೇ ಮುಚ್ಚಿಬಿಟ್ಟಿತು. ಕೋರ್ಟಿನ ಗೆಲುವೊಂದೇ ಸಾಲದೆಂಬುದು ಇದರಿಂದ ಸ್ಪಷ್ಟವಾಯಿತು. ಈತನ ಆಹ್ವಾನದ ಮೇಲೆ ಕಿಂಗ್ ಮತ್ತು ಸಂಗಡಿಗರು 1963ರ ಏಪ್ರಿಲ್‌ನಲ್ಲಿ ಬಂದು ಧರಣಿ, ಮೆರವಣಿಗೆ, ಅಂಗಡಿಗಳ ಬಹಿಷ್ಕಾರಗಳನ್ನು ಆರಂಭಿಸಿದರು. ಎದುರಿಗಿದ್ದವ ಸಾರ್ವಜನಿಕ ಸುರಕ್ಷತೆಯ ಕಮಿಷನರ್ ಯೂಜೀನ್ ‘ಬುಲ್’ ಕಾನರ್. ಪೊಲೀಸ್ ಮತ್ತು ಅಗ್ನಿಶಾಮಕ ಪಡೆಗಳೆರಡೂ ಇವನ ಕೈಯಲ್ಲಿದ್ದವು. ಮೇ ತಿಂಗಳಲ್ಲಿ ಶಾಲಾಮಕ್ಕಳು ಬೀದಿಗಿಳಿದಾಗ ಕಾನರ್ ನಾಯಿಗಳನ್ನು ಛೂಬಿಟ್ಟ, ಬೆಂಕಿ ಆರಿಸುವ ಕೊಳವೆಗಳಿಂದ ನೀರು ಹಾಯಿಸಿದ. ಮೇ 7ರಂದು ಆ ನೀರಿನ ರಭಸಕ್ಕೆ ಷಟಲ್ಸ್‌ವರ್ತ್ ಸಿಕ್ಸ್‌ಟೀಂತ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನ ಗೋಡೆಗೆ ಅಪ್ಪಳಿಸಿ ಆಸ್ಪತ್ರೆ ಸೇರಿದ.

ಈತ ಆಸ್ಪತ್ರೆಯಲ್ಲಿದ್ದಾಗ ನಗರದ ಬಿಳಿಯ ವ್ಯಾಪಾರಿಗಳೊಂದಿಗೆ ಸಂಧಾನದ ಮಾತುಕತೆ ಮುಂದುವರಿಯಿತು. ತನ್ನನ್ನು ಕೇಳದೆ ಮೆರವಣಿಗೆಗಳನ್ನು ನಿಲ್ಲಿಸಲು ಒಪ್ಪಿದ್ದಕ್ಕಾಗಿ ಕಿಂಗ್‌ನೊಂದಿಗೆ ಖಾರವಾಗಿ ಜಗಳವಾಡಿದ. ಇಷ್ಟಾದರೂ ಮೇ 10ರಂದು ಒಪ್ಪಂದ ಪ್ರಕಟವಾದಾಗ ಇಬ್ಬರೂ ಜೊತೆಗಿದ್ದರು. ಬರ್ಮಿಂಗ್‌ಹ್ಯಾಮ್‌ನ ದೃಶ್ಯಗಳು ದೇಶದಾದ್ಯಂತ ಎಬ್ಬಿಸಿದ ಅಭಿಪ್ರಾಯ 1964ರ ನಾಗರಿಕ ಹಕ್ಕುಗಳ ಕಾಯಿದೆಗೆ ಮುಖ್ಯ ಕಾರಣಗಳಲ್ಲೊಂದು.

ನ್ಯಾಯಾಲಯಗಳಲ್ಲಿ

ಕಾನೂನನ್ನು ಮುರಿದು ಜೈಲು ಸೇರುವುದು, ಅದೇ ಪ್ರಕರಣವನ್ನು ಮೇಲಿನ ನ್ಯಾಯಾಲಯಕ್ಕೆ ಒಯ್ದು ಕಾನೂನನ್ನೇ ಪ್ರಶ್ನಿಸುವುದು ಈತನ ಹೋರಾಟದ ಎರಡು ಕೈಗಳು. 1960ರ ಪತ್ರಿಕಾ ಜಾಹೀರಾತೊಂದರಲ್ಲಿ ಒಪ್ಪಿಗೆಯಿಲ್ಲದೆ ಹೆಸರು ಸೇರಿದ್ದಕ್ಕೆ ಮಾನನಷ್ಟ ಮೊಕದ್ದಮೆಗೆ ಸಿಲುಕಿದ ನಾಲ್ವರು ಪಾದ್ರಿಗಳಲ್ಲಿ ಈತನೂ ಇದ್ದ. ‘ನ್ಯೂಯಾರ್ಕ್ ಟೈಮ್ಸ್ ವಿರುದ್ಧ ಸಲ್ಲಿವನ್’ ಎಂದು ಹೆಸರಾದ ಆ ಪ್ರಕರಣದಲ್ಲಿ 1964ರಲ್ಲಿ ಬಂದ ತೀರ್ಪು ಅಮೆರಿಕದ ಪತ್ರಿಕಾ ಸ್ವಾತಂತ್ರ್ಯದ ಅಡಿಗಲ್ಲುಗಳಲ್ಲೊಂದು.

1963ರ ಗುಡ್ ಫ್ರೈಡೆಯಂದು 52 ಜನರೊಂದಿಗೆ ಕಾಲುದಾರಿಯಲ್ಲಿ ಶಾಂತವಾಗಿ ನಡೆದುಹೋದದ್ದಕ್ಕೆ, ಪರವಾನಗಿಯಿಲ್ಲದ ಮೆರವಣಿಗೆಯೆಂದು ಈತನಿಗೆ 90 ದಿನಗಳ ಕಠಿಣ ಸಜೆ, ಜೊತೆಗೆ ದಂಡ ವಿಧಿಸಲಾಗಿತ್ತು. ಇದೇ ನಡಿಗೆಯ ಬಗ್ಗೆ ಸುಪ್ರೀಂ ಕೋರ್ಟು ಎರಡು ತೀರ್ಪು ಕೊಟ್ಟಿತು. ಮೆರವಣಿಗೆ ನಡೆಸಬಾರದೆಂಬ ನ್ಯಾಯಾಲಯದ ತಡೆಯಾಜ್ಞೆ ಮೀರಿದ್ದಕ್ಕೆ ವಿಧಿಸಿದ್ದ ನ್ಯಾಯಾಂಗ ನಿಂದನೆಯ ಶಿಕ್ಷೆಯನ್ನು 1967ರಲ್ಲಿ ಎತ್ತಿಹಿಡಿಯಿತು. 1969ರಲ್ಲಿ ಪರವಾನಗಿಯ ಪ್ರಕರಣದಲ್ಲಿ ಈತನ ಶಿಕ್ಷೆಯನ್ನು ರದ್ದುಮಾಡಿ, ಖಚಿತ ಮಾನದಂಡಗಳಿಲ್ಲದೆ ಅಧಿಕಾರಿಗಳ ಇಷ್ಟಕ್ಕೆ ಬಿಟ್ಟ ಪರವಾನಗಿ ನಿಯಮ ಸಂವಿಧಾನಕ್ಕೆ ವಿರುದ್ಧವೆಂದಿತು.

ಕೊನೆಯ ವರ್ಷಗಳು

1966ರಲ್ಲಿ ಸಿನ್ಸಿನಾಟಿಯಲ್ಲಿ ಗ್ರೇಟರ್ ನ್ಯೂ ಲೈಟ್ ಬ್ಯಾಪ್ಟಿಸ್ಟ್ ಚರ್ಚನ್ನು ಸ್ಥಾಪಿಸಿ ನಾಲ್ಕು ದಶಕ ಅಲ್ಲಿ ಪಾದ್ರಿಯಾಗಿದ್ದ. ಬಡ ಕುಟುಂಬಗಳು ಸ್ವಂತ ಮನೆ ಕೊಳ್ಳಲು ನೆರವಾಗುವ ಪ್ರತಿಷ್ಠಾನವೊಂದನ್ನು ಆರಂಭಿಸಿದ. 2001ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಪ್ರೆಸಿಡೆನ್ಷಿಯಲ್ ಸಿಟಿಜನ್ಸ್ ಪದಕ ನೀಡಿದ. ಆಂಡ್ರ್ಯೂ ಮ್ಯಾನಿಸ್ ಬರೆದ ಜೀವನಚರಿತ್ರೆ 1999ರಲ್ಲಿ ಪ್ರಕಟವಾಗಿದೆ.

ಕಿಂಗ್‌ನ ಹೆಸರು ಜಗತ್ತಿಗೆಲ್ಲ ತಿಳಿದಿದ್ದರೂ ಷಟಲ್ಸ್‌ವರ್ತ್‌ನ ಹೆಸರು ಅಮೆರಿಕದ ಹೊರಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಕಿಂಗ್ ಬರುವ ಮುನ್ನವೇ ಪೆಟ್ಟು ತಿನ್ನಲು ಸಿದ್ಧವಾದ ಜನರ ಗುಂಪೊಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಇದ್ದದ್ದು ಈತನಿಂದ. 2008ರಲ್ಲಿ ಆ ನಗರಕ್ಕೆ ಮರಳಿ ನೆಲೆಸಿದ. ಅಲ್ಲಿನ ವಿಮಾನ ನಿಲ್ದಾಣಕ್ಕೆ ಅದೇ ವರ್ಷ ಈತನ ಹೆಸರನ್ನು ಇಡಲಾಯಿತು. 2011 ಅಕ್ಟೋಬರ್ 5ರಂದು ಅಲ್ಲಿಯೇ ನಿಧನನಾದ.