ದಪ್ಪ ಗೋಡೆಯ ನಂಬಿಕೆ

ಊರಿನ ಮನೆಯ ಅಡ್ಡಗೋಡೆ ಕೆಡವಿ ದೊಡ್ಡ ಹಾಲ್ ಮಾಡೋಣ ಎಂದು ತಮ್ಮ ಮೊನ್ನೆ ಫೋನ್ ಮಾಡಿದ್ದ. ಆಳಂದ ತಾಲ್ಲೂಕಿನ ಆ ಮನೆಯನ್ನು ಅಜ್ಜ ಒಬ್ಬ ಗೌಂಡಿಯನ್ನು ಜೊತೆಗಿಟ್ಟುಕೊಂಡು ತಾನೇ ಕಟ್ಟಿದ್ದ. ಕಾಡುಗಲ್ಲು, ಮಣ್ಣು, ಎರಡಡಿ ದಪ್ಪದ ಗೋಡೆ. “ಇಷ್ಟು ದಪ್ಪ ಗ್ವಾಡಿಗಿ ಏನಾಗ್ತದ, ಅಣ್ಣ?” ಎಂದ.

ಆ ಪ್ರಶ್ನೆಗೆ ನಮ್ಮ ನೆರೆಯ ಸೀಮೆ 1993ರಲ್ಲೇ ಉತ್ತರ ಕಂಡಿತ್ತು. ಸೆಪ್ಟೆಂಬರ್ 30ರ ನಸುಕು. ಗಣೇಶನನ್ನು ಕಳಿಸಿ ಬಂದ ಜನ ಮಲಗಿದ್ದರು. ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ 6.2 ತೀವ್ರತೆಯ ಭೂಕಂಪಕ್ಕೆ ಏಳೂವರೆ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ಮನೆಗಳೂ ನಮ್ಮವುಗಳಂತೆಯೇ ಇದ್ದವು: ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ.

ದಪ್ಪವೇ ಬಲವೆಂದು ಎಲ್ಲರೂ ನಂಬಿದ್ದರು. ಆದರೆ ಹೊರಗೆ ಒಂದು ಗೋಡೆಯಾಗಿ ಕಾಣುವುದು ಒಳಗೆ ಎರಡು. ಒಳಮೈಗೊಂದು, ಹೊರಮೈಗೊಂದು ಕಲ್ಲಿನ ಸಾಲು. ನಡುವೆ ಮಣ್ಣು, ಚಿಕ್ಕ ಕಲ್ಲು. ಎರಡನ್ನೂ ಹಿಡಿದಿಡುವ, ಗೋಡೆಯ ಪೂರ್ತಿ ದಪ್ಪಕ್ಕೂ ಹಾಯುವ ಉದ್ದಗಲ್ಲುಗಳನ್ನು ಹೆಚ್ಚಿನ ಮನೆಗಳಲ್ಲಿ ಇಟ್ಟಿರಲಿಲ್ಲ. ನೆಲ ನಡುಗಿದಾಗ ಸಾಲುಗಳು ಬೇರೆಯಾಗಿ ಉಬ್ಬಿ ಕುಸಿದವು. ಹೆಚ್ಚಿನ ದಪ್ಪ ಮೈಮೇಲೆ ಬೀಳುವ ಕಲ್ಲನ್ನಷ್ಟೇ ಹೆಚ್ಚಿಸಿತು.

ಉದ್ದದ ಗೋಡೆಗೆ ಇನ್ನೊಂದು ಆಪತ್ತಿದೆ. ಎರಡು ತುದಿಯಲ್ಲಷ್ಟೇ ಹಿಡಿತವಿದ್ದರೆ ಅದು ನಡುವಿನಲ್ಲಿ ಹೊರಕ್ಕೆ ಬಾಗುತ್ತದೆ. ಇಂಥ ಕಟ್ಟಡಗಳಿಗಾಗಿಯೇ 1993ರಲ್ಲಿ ಬಂದ ಭಾರತೀಯ ಮಾನಕ 13828 ಹೇಳುವುದು ಸರಳ: ಅಡ್ಡಗೋಡೆಗಳ ನಡುವೆ ಕಲ್ಲುಗೋಡೆ 5 ಮೀಟರ್ ಮೀರಬಾರದು, ಮೀರಿದರೆ ಹೊರಗಿನಿಂದ ಒತ್ತಿ ಹಿಡಿಯುವ, ಬುಡ ಅಗಲವಾದ ಆಸರೆ ಕಂಬ ಕಟ್ಟಬೇಕು. ಉದ್ದಗಲ್ಲುಗಳು ಪ್ರತಿ 60 ಸೆಂಟಿಮೀಟರ್ ಎತ್ತರಕ್ಕೊಮ್ಮೆ, 1.2 ಮೀಟರಿಗಿಂತ ದೂರವಾಗದಂತೆ ಇರಬೇಕು. ಹಳೆಯ ಗೋಡೆಗೂ ದಾರಿಯಿದೆ: ಆರಪಾರ ತೂತು ಮಾಡಿ, ಕೊಕ್ಕೆಯಂತೆ ಬಾಗಿಸಿದ ಸರಳಿಟ್ಟು ಕಾಂಕ್ರೀಟ್ ತುಂಬುವುದು.

ಪುಣೆಯ ಬಾಡಿಗೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ನಮ್ಮ ಹಿಂದಿನ ಗೋಡೆ 28 ಅಡಿ, ಎಂಟೂವರೆ ಮೀಟರ್. ನಡುವಿನ ಅಡ್ಡಗೋಡೆಯಿಂದಾಗಿ ಒಂದೊಂದು ಪಾಲು 14 ಅಡಿಯೊಳಗೆ ನಿಂತಿದೆ. ಅಜ್ಜ ಅದನ್ನು ಕಟ್ಟಿಸಿದ್ದು ಜೋಳದ ಚೀಲಗಳನ್ನು ಬೇರೆ ಇಡಲು. ಇಷ್ಟು ವರ್ಷ ಅದು ಹಿಂದಿನ ಗೋಡೆಯನ್ನೂ ಹಿಡಿದು ನಿಂತಿದೆ.

ತಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಂಗಾದ್ರ ಹಾಲ್ ಬ್ಯಾಡ ಬಿಡು. ಆ ತೂತು ಹೊಡೆಯೋ ಕೆಲಸ ಮಾತ್ರ ಈ ಬ್ಯಾಸಗ್ಯಾಗೇ ಮಾಡ್ಸೋಣ,” ಎಂದ.