ತೈಲದೂರಿನ ಕೆಲಸ, ಮೈಸೂರಿನ ಫಿಟ್ಟರ್

ಮಂಗಳೂರಿನಿಂದ ಹಾಸನ, ಮೈಸೂರು ಮಾರ್ಗವಾಗಿ ಸೋಲೂರಿನವರೆಗೆ ಎಚ್‌ಪಿಸಿಎಲ್‌ನ ಅಡುಗೆ ಅನಿಲದ ಕೊಳವೆ ನೆಲದಡಿ ಹಾದುಹೋಗಿದೆ. ಅನಿಲ ಬಂದಷ್ಟು ಸಲೀಸಾಗಿ ಅನಿಲದ ಕೆಲಸ ಬರುವುದಿಲ್ಲ. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸಬಲ್ಲ ಮಂಗಳೂರಿನ ಎಂಆರ್‌ಪಿಎಲ್‌ನಂಥ ಕಾರ್ಖಾನೆ ಕಟ್ಟುವಾಗ ಬೇಡುವಷ್ಟು ಕೈಗಳನ್ನು ನಡೆಸುವಾಗ ಬೇಡದು. ಹೀಗಾಗಿ ಮೈಸೂರಿನ ಹೆಬ್ಬಾಳ, ಮೇಟಗಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೈ ಪಳಗಿಸಿಕೊಂಡ ಐಟಿಐ ಹುಡುಗನ ಕಣ್ಣು ಕೊಲ್ಲಿಯತ್ತ ಹೊರಳಿದರೆ ಅಚ್ಚರಿಯಿಲ್ಲ.

ಅಲ್ಲಿಯೂ ಲೆಕ್ಕ ಬೇರೆಯಲ್ಲ. ಸೌದಿಯ ಜುಬೈಲ್ 1975ರಲ್ಲಿ ರಾಜಾಜ್ಞೆಯಿಂದ ಅದರ ಅಭಿವೃದ್ಧಿಗೆ ಆಯೋಗ ರಚನೆಯಾಗುವವರೆಗೆ ಮೀನುಗಾರರ ಪುಟ್ಟ ಊರು. ಈಗ ಪೆಟ್ರೋಕೆಮಿಕಲ್ ನಗರ. ಕಟ್ಟುವ ಭರಾಟೆ ಇಳಿದ ಮೇಲೆ ಅಂಥ ಊರುಗಳಲ್ಲಿ ಹೊರಗಿನವರಿಗೆ ಹೆಚ್ಚಾಗಿ ಸಿಗುವುದು ‘ಶಟ್‌ಡೌನ್’ ಕೆಲಸ: ಘಟಕ ನಿಲ್ಲಿಸಿ ರಿಪೇರಿ ಮಾಡುವ ಕೆಲವು ವಾರಗಳ ಕರಾರು. ಸಂಬಳದ ಅಂಕಿ ಕೇಳುವವರು ಬಹಳ, ಅದು ಎಷ್ಟು ತಿಂಗಳಿಗೆ ಎಂದು ಕೇಳುವವರು ಕಡಿಮೆ.

ವೆಲ್ಡರ್‌ಗೆ ಹೊರಡುವ ಮೊದಲೇ ‘ಸಿಕ್ಸ್ ಜಿ’ ಪರೀಕ್ಷೆ. 45 ಡಿಗ್ರಿ ಓರೆಯಾಗಿ ಬಿಗಿದ ಪೈಪನ್ನು ತಿರುಗಿಸದೆ, ತಾನೇ ಬಾಗಿ, ಬಗ್ಗಿ, ಸುತ್ತಲೂ ಬೆಸೆಯಬೇಕು. ಬೆಸುಗೆಯೊಳಗಿನ ಗಾಳಿಗುಳ್ಳೆ ಕಣ್ಣಿಗೆ ಕಾಣದಿದ್ದರೂ ಎಕ್ಸ್‌ರೇಗೆ ಕಾಣುತ್ತದೆ. ಐಟಿಐ ಪ್ರಮಾಣಪತ್ರ ಇಲ್ಲಿ ಬಾಗಿಲವರೆಗಿನ ಜೊತೆ, ಅಷ್ಟೇ.

ನಿಜವಾದ ತೊಡಕು ಕಾನೂನಿನಲ್ಲಿದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟ್ ‘ಇಸಿಆರ್’. ಕೊಲ್ಲಿ ರಾಷ್ಟ್ರಗಳೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ವಲಸೆ ಅನುಮತಿ ಬೇಕು. ಕರಾರು ಪತ್ರ ಪರಿಶೀಲನೆಯಾಗುತ್ತದೆ, ವಿಮೆ ಕಡ್ಡಾಯ. ಎಂಟನೇ ತರಗತಿಯ ಮೇಲೆ ಒಂದು ವರ್ಷದ ವೆಲ್ಡಿಂಗ್ ಕಲಿತವನು ಈ ಜರಡಿಯಲ್ಲಿ ಹಾಯಲೇಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಫಿಟ್ಟರ್ ಓದಿದವನಿಗೆ ಅದರ ಹಂಗಿಲ್ಲ. ಹೆಚ್ಚು ಓದಿದವನು ಹೆಚ್ಚು ತಿಳಿದವನು ಎಂಬುದು ಕಾಯ್ದೆಯ ಊಹೆ. ಅರೇಬಿಕ್ ಕರಾರಿನ ಮುಂದೆ ಇಬ್ಬರೂ ಅನಕ್ಷರಸ್ಥರೇ! ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸಿ ‘ಅಲ್ಲೇ ಬದಲಾಯಿಸೋಣ’ ಎನ್ನುವ ದಲ್ಲಾಳಿಗೆ ಈ ಮಿತಿ ನಾಟುವುದಿಲ್ಲ.

ಕೊಲ್ಲಿಯ ಕರಾರು ಕೆಲಸದ ಬಿಸಿ ತಟ್ಟುವುದು ತೈಲದ ಬೆಲೆ ಕುಸಿದಾಗ. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 110 ಡಾಲರ್ ದಾಟಿದ್ದ ಬ್ರೆಂಟ್, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಸೌದಿ ಸರ್ಕಾರದ ಪಾವತಿಗಳು ತಡವಾದವು. ಸೌದಿ ಓಜರ್‌ನಂಥ ದೈತ್ಯ ನಿರ್ಮಾಣ ಕಂಪನಿ ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ. ಜೆಡ್ಡಾದ ಶಿಬಿರಗಳಲ್ಲಿ ಸಿಕ್ಕಿಬಿದ್ದ ಭಾರತೀಯರಿಗೆ ಆ ವರ್ಷದ ಬೇಸಿಗೆಯಲ್ಲಿ ದೂತಾವಾಸವೇ ಊಟ ಒದಗಿಸಬೇಕಾಯಿತು. ಮರಳಲು ಮಾಲೀಕನ ಒಪ್ಪಿಗೆಯ ನಿರ್ಗಮನ ವೀಸಾ ಬೇಕಿದ್ದುದರಿಂದ ಟಿಕೆಟ್ ಇದ್ದರೂ ಹೊರಡುವಂತಿರಲಿಲ್ಲ.

ಜರಡಿಯ ಹೊರಗಿರುವವರನ್ನೂ ಲೆಕ್ಕಕ್ಕೆ ತರುವ ಯತ್ನವೂ ನಡೆಯಿತು: 2018ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಈ ದೇಶಗಳಿಗೆ ಕೆಲಸಕ್ಕೆ ಹೋಗುವ ಇಸಿಆರ್ ಅಲ್ಲದವರಿಗೂ ಪ್ರಯಾಣಕ್ಕೆ ಮುನ್ನ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಂದಣಿ ಕಡ್ಡಾಯಗೊಳಿಸಲು ಹೊರಟಿತ್ತು. ವಿರೋಧ ಎದ್ದು, ಅದೇ ತಿಂಗಳು ಆದೇಶವನ್ನು ತಡೆಹಿಡಿಯಲಾಯಿತು. ನೋಂದಣಿ ಐಚ್ಛಿಕವಾಗಿ ಉಳಿಯಿತು.